ಬಾರಕೂರಿನಲ್ಲಿ ಅಜ್ಜಿಯ ಮನೆ ಹುಡುಕುವುದು ಹೇಗೆ?

ಉಡುಪಿ ಕಡೆಯ ಮೂಲ ಹುಡುಕಲು ಹೊರಟವರು ಸಾಮಾನ್ಯವಾಗಿ ಅಜ್ಜನ ಹೆಸರು ಹಿಡಿದು ಹೊರಡುತ್ತಾರೆ. ನಾನೂ ಹಾಗೇ ಮಾಡಿ ಒಂದು ವರ್ಷ ಕಳೆದೆ. ನಮ್ಮದು ಅಳಿಯಸಂತಾನದ ಕುಟುಂಬ. ಬಳಿ (ಗೋತ್ರದಂಥ ಕುಲದ ಗುರುತು), ಆಸ್ತಿ ಎರಡೂ ಹೆಣ್ಣಿನ ಕಡೆಯಿಂದ ಬಂದವು. ಅಜ್ಜ ಬೇರೆ ಮನೆಯವರು, ಅಜ್ಜಿಯ ಊರಿನ ಕಾಗದಗಳಲ್ಲಿ ಅವರ ಹೆಸರೇ ಇಲ್ಲ. ನಿಮ್ಮದೂ ಅಂಥ ಮನೆತನವಾದರೆ ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ ಅಂತ ಹಿಂದಕ್ಕೆ ಹೋಗಿ.

ಮೊದಲು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ಮೂರೇ ಪ್ರಶ್ನೆ ಸಾಕು. ಮನೆಯ ಹೆಸರೇನು? ಬಳಿ ಯಾವುದು? ನಾಗಬನ ಎಲ್ಲಿ? ಶೆಟ್ಟಿ, ಪೂಜಾರಿ ಅನ್ನುವ ಹೆಸರು ಹಿಡಿದು ಹೋದರೆ ಇಡೀ ಜಿಲ್ಲೆಯೇ ಸಿಗುತ್ತದೆ. ಆದರೆ ಒಂದೇ ಬಳಿಯಲ್ಲಿ ಮದುವೆ ಮಾಡುವುದಿಲ್ಲವಾದ್ದರಿಂದ ಬಳಿಯನ್ನು ಹಿರಿಯರು ಮರೆಯುವುದಿಲ್ಲ. ಅಜ್ಜಿಯ ತಂಗಿ, ನಮ್ಮ ಸಣ್ಣಜ್ಜಿಗೆ ಈಗ 84. ಬೆಳಿಗ್ಗೆ ಮಾತ್ರೆ ತಿಂದದ್ದು ನೆನಪಿರುವುದಿಲ್ಲ, ಬಳಿ ಕೇಳಿದ ಕೂಡಲೇ ಹೇಳಿದರು.

ಆಮೇಲೆ ಕಾಗದಪತ್ರ. ಪಹಣಿಯಲ್ಲಿ ಸರ್ವೆ ನಂಬರ್ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಗೇಣಿಗೆ ಭೂಮಿ ಮಾಡುತ್ತಿದ್ದ ಒಕ್ಕಲು ಕುಟುಂಬವಾಗಿದ್ದರೆ 1974ರ ಭೂಸುಧಾರಣೆಯ ಸಮಯದಲ್ಲಿ ಆ ಭೂಮಿಗಾಗಿ ಕೊಟ್ಟ ಡಿಕ್ಲರೇಶನ್ (ಅರ್ಜಿ) ಕೇಳಿ. ಬಾರಕೂರು ಈಗ ಬ್ರಹ್ಮಾವರ ತಾಲೂಕಿನಲ್ಲಿದೆ, ಮೊದಲು ಉಡುಪಿ ತಾಲೂಕಿನಲ್ಲಿತ್ತು. ಹಳೆಯ ಕಡತಕ್ಕೆ ಎರಡೂ ಕಡೆ ವಿಚಾರಿಸಿ.

ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪಾಲುಪಟ್ಟಿ, ಅಂದರೆ ಕುಟುಂಬದ ಆಸ್ತಿ ಪಾಲು ಮಾಡಿದ ಪತ್ರ. 1956ರವರೆಗೆ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕು ಬಂತು. ಕವರು ಅಂದರೆ ಒಬ್ಬ ಹೆಂಗಸಿನಿಂದ ಶುರುವಾಗುವ ಕವಲು. ನೋಂದಣಿಯಾದ ಪಾಲುಪಟ್ಟಿಯ ನಕಲನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಬಹುದು. ವರ್ಷ, ಊರು, ಯಜಮಾನರ ಹೆಸರು ಗೊತ್ತಿದ್ದರೆ ಹುಡುಕುವುದು ಸುಲಭ. ನಮ್ಮ ಪಾಲುಪಟ್ಟಿಯಲ್ಲಿ ಪ್ರತಿ ಕವರಿನ ಮೇಲೂ ಒಬ್ಬ ಹೆಂಗಸಿನ ಹೆಸರು, ಕೆಳಗೆ ಮಕ್ಕಳು, ಎದುರಿಗೆ ವಯಸ್ಸು. ಅಜ್ಜಿ 14, ಸಣ್ಣಜ್ಜಿ 11. ಆ ಎರಡು ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕುಳಿತೆ.

ಈಗ ಊರಿಗೆ ಹೊರಡಿ. ಕೊಂಕಣ ರೈಲಿಗೆ ಬಾರಕೂರಿನಲ್ಲೇ ನಿಲ್ದಾಣವಿದೆ, ಬಸ್ಸಿನಲ್ಲಾದರೆ ಉಡುಪಿಯಿಂದ ಬ್ರಹ್ಮಾವರದ ಮೇಲೆ ಬನ್ನಿ. ಸೀತಾನದಿಯ ದಡದ ಈ ಊರು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಅಂತಲೇ ಇತ್ತು. ಭೂತಾಳ ಪಾಂಡ್ಯ ಅನ್ನುವ ರಾಜ ಅಳಿಯಸಂತಾನದ ಕಟ್ಟು ಮಾಡಿದ್ದು ಇಲ್ಲೇ ಎಂದು ಐತಿಹ್ಯ ಹೇಳುತ್ತದೆ. ಕತ್ತಲೆ ಬಸದಿ ನೋಡದೆ ಬರಬೇಡಿ.

ಇಲ್ಲಿ ಜಾಗ ಗುರುತಿಸುವುದು ಕೇರಿಯ ಲೆಕ್ಕದಲ್ಲಿ: ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ. ಕೇರಿ ಮತ್ತು ಮನೆಯ ಹೆಸರು ಸೇರಿಸಿ ಕೇಳಿ. "ಮನಿ ಎಲ್ಲಾಯ್ತ್?" ಅಂತ ಯಾರಾದರೂ ಕೇಳಿದರೆ ಬೆಂಗಳೂರಿನ ವಿಳಾಸ ಹೇಳಬೇಡಿ, ಅಜ್ಜಿಯ ಮನೆಯ ಹೆಸರು ಹೇಳಿ. ಮಾತು ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಆದಷ್ಟು ನಾಗರಪಂಚಮಿಗೆ ಹೋಗಿ. ಮಳೆ ಇರುತ್ತದೆ, ಆದರೂ ನಾಗಬನದಲ್ಲಿ ತನು ಹಾಕಲು (ನಾಗನಿಗೆ ಹಾಲು, ಎಳನೀರು ಎರೆಯಲು) ಎಲ್ಲ ಕವರಿನವರೂ ಬಂದಿರುತ್ತಾರೆ. ಪಾಲುಪಟ್ಟಿಯ ಒಂದು ಜೆರಾಕ್ಸ್ ಕೈಯಲ್ಲಿರಲಿ. ಗುರುತು ಹತ್ತಲು ಅದು ಸಾಕು.

ಮನೆ ಉಳಿದಿಲ್ಲ ಅಂದರೂ ಜಾಗಕ್ಕೆ ಹೋಗಿ, ಅಲ್ಲಿಂದ ಮನೆಯ ಹಿರಿಯರಿಗೆ ವೀಡಿಯೋ ಕಾಲ್ ಮಾಡಿ. ನಮ್ಮ ಮನೆಯದು ಮುರಕಲ್ಲಿನ ಪಂಚಾಂಗ (ಅಡಿಪಾಯ) ಮತ್ತು ಬಾವಿ ಮಾತ್ರ ಇತ್ತು. ಫೋನ್ ತಿರುಗಿಸಿ ತೋರಿಸಿದೆ. ಸಣ್ಣಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಾವಿ ಮೂಡ್ ಬದಿಗೆ ಬಟ್ಟಿ ಒಗೂ ಕಲ್ಲ್ ಇತ್ತ್ ಕಾಣ್" ಅಂದರು.

ಬಳ್ಳಿ ಸರಿಸಿದೆ. ಇತ್ತು.