ಬೆಟ್ಟಕ್ಕೆ ಬಂದವರ ದುಡ್ಡು, ಊರಿನ ಲೆಕ್ಕ

ಚಿಕ್ಕಬಳ್ಳಾಪುರದ ಹತ್ತಿರ, ಚಾರಣಿಗರು ಹತ್ತುವ ಸ್ಕಂದಗಿರಿ ಬೆಟ್ಟದ ಬುಡದಲ್ಲಿ ನಮ್ಮ ಮಹಿಳಾ ಸಂಘದ ತಿಂಡಿ ಅಂಗಡಿ ನಡೆಯುವುದು ಶನಿವಾರ, ಭಾನುವಾರ ಮಾತ್ರ. ಲೆಕ್ಕದ ಪುಸ್ತಕದಲ್ಲಿ ಖರ್ಚಿಗೆ ಎರಡು ಕಲಂ: ‘ಊರಿಗೆ ಕೊಟ್ಟದ್ದು’, ‘ಪೇಟೆಗೆ ಕೊಟ್ಟದ್ದು’. ಹೀಗೆ ಬರೆಯತೊಡಗಿದ ಮೇಲೇ ಎಲ್ಲಿ ಸೋರುತ್ತಿದೆ ಎಂದು ಕಂಡದ್ದು. 20 ರೂಪಾಯಿಯ ನೀರಿನ ಬಾಟಲಿಯಲ್ಲಿ ನಮಗೆ ದಕ್ಕುವುದು 6–7 ರೂಪಾಯಿ. 15 ರೂಪಾಯಿಯ ಮಜ್ಜಿಗೆಯಲ್ಲಿ ಉಪ್ಪು, ಇಂಗು ಬಿಟ್ಟರೆ ಮಿಕ್ಕಿದ್ದೆಲ್ಲ ಊರಿನದೇ. 1 ಲೀಟರ್ ಮೊಸರಿಗೆ 3 ಲೀಟರ್ ನೀರು ಬೆರೆಸಿದರೆ 200 ಮಿಲಿಯ 20 ಲೋಟ. ಹಾಲು ಹಾಕುವ ಮನೆಗೆ ಡೈರಿ ದರಕ್ಕಿಂತ ಲೀಟರಿಗೆ 3 ರೂಪಾಯಿ ಹೆಚ್ಚು ಕೊಟ್ಟರೂ ಗಿಟ್ಟುತ್ತದೆ.

ವ್ಯಾಪಾರ ಎರಡೇ ಹೊತ್ತು. ಹತ್ತುವ ಮುಂಚೆ ಟೀ, ಇಳಿದ ಮೇಲೆ ತಿಂಡಿ. ಚಾರಣದ ಟಿಕೆಟ್ ಆನ್‌ಲೈನ್ ಆದ್ದರಿಂದ ಎಷ್ಟು ಜನ ಬರುತ್ತಾರೆಂದು ಹಿಂದಿನ ಸಂಜೆಯೇ ಗೈಡ್ ಹುಡುಗರನ್ನು ಕೇಳಿಕೊಳ್ಳುತ್ತೇವೆ. ಅದರ ಅರ್ಧದಷ್ಟು ಜನಕ್ಕೆ ಮಾತ್ರ ಹಿಟ್ಟು. 5 ಕಿಲೋ ಅಕ್ಕಿ, ಒಂದೂಕಾಲು ಕಿಲೋ ಉದ್ದಿನಬೇಳೆಗೆ ಸುಮಾರು 180 ಇಡ್ಲಿ. ಡಿಸೆಂಬರ್ ಚಳಿಯಲ್ಲಿ ರಾತ್ರಿ 8ಕ್ಕೆ ರುಬ್ಬಿದ ಹಿಟ್ಟು ಬೆಳಗ್ಗೆಗೆ ಉಬ್ಬುವುದಿಲ್ಲ, ಇಡ್ಲಿ ಕಲ್ಲಾಗುತ್ತದೆ. ಮಧ್ಯಾಹ್ನ 3ಕ್ಕೇ ರುಬ್ಬಿ, ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆ ಪಕ್ಕ ಇಡಬೇಕು. ಮಿಕ್ಕ ಹಿಟ್ಟು ಸೋಮವಾರ ಯಾರಿಗೂ ಬೇಡ. ಅದಕ್ಕೇ ಕಡಿಮೆ ಬಿದ್ದರೆ ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು ಇಡುತ್ತೇವೆ. ಮುತ್ತುಗದ ಎಲೆಯಲ್ಲಿ ಕೊಟ್ಟರೆ ಗುಡಿಸಿದ್ದೆಲ್ಲ ತಿಪ್ಪೆಗೆ ಹೋಗುತ್ತದೆ. ಎಲೆ ಹೊಲಿಯುವ ಅಜ್ಜಿಯರಿಗೂ ಕಾಸು.

ಪಾರ್ಕಿಂಗಿಗೆ ರಾಗಿ ಕೊಯ್ದ ಹೊಲ ಸಾಕು. ಕಾರಿಗೆ ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ, ಸಾಲುಗಳ ನಡುವೆ 6 ಮೀಟರ್ ದಾರಿ ಬಿಟ್ಟು ಸುಣ್ಣ ಎಳೆಯುವುದು. ದಾರಿ ಕಿರಿದಾದರೆ ಎಲ್ಲರೂ ಒಟ್ಟಿಗೆ ಇಳಿದು ಬಂದಾಗ ಗಂಟೆಗಟ್ಟಲೆ ಜಗಳ. ಚಕ್ರ ಓಡಾಡಿ ಕೆಂಪುಮಣ್ಣು ಗಟ್ಟಿಯಾಗುವುದರಿಂದ ಮುಂಗಾರಿಗೆ ಒಂದು ಉಳುಮೆ ಹೆಚ್ಚು ಬೇಕು. ಆ ಟ್ರ್ಯಾಕ್ಟರ್ ಬಾಡಿಗೆ ಕಳೆದು ಉಳಿದದ್ದೇ ಹೊಲದವರ ಲಾಭ. ಮೊದಲ ವರ್ಷ ನಾವು ಇದನ್ನೇ ಮರೆತಿದ್ದೆವು.

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು. ಅದಕ್ಕೆಂದೇ ಗ್ರೈಂಡರಿಗೆ ಬ್ಯಾಂಕ್ ಸಾಲ ಮಾಡಲಿಲ್ಲ, ಊರಲ್ಲೇ ದಿನಬಾಡಿಗೆಗೆ ತರುತ್ತೇವೆ.