ದೂರ ಆದ ದಾನಿಗಳನ್ನು ಪುನಃ ಸಂಘದ ಹತ್ತಿರ ತರುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಒಂದೊಂದು ಊರಲ್ಲೂ ಯುವಕ ಸಂಘ, ಗ್ರಂಥಾಲಯ, ಟ್ರಸ್ಟು ಅಂತ ಎಂತಾದ್ರೂ ಉಂಟೇ ಉಂಟು, ಮತ್ತೆ ಎಲ್ಲ ಕಮಿಟಿ ಮೀಟಿಂಗಲ್ಲೂ ಒಂದೇ ಗೋಳು, "ಜನ ಮೊದಲಿನ ಹಾಗೆ ಕೊಡುದಿಲ್ಲ ಮಾರಾಯ್ರೆ". ರಶೀದಿ ಪುಸ್ತಕ ಹಿಡ್ಕೊಂಡು ಹೋಗುದು ಬಿಟ್ರೆ ಬೇರೆ ದಿನ ದಾನಿಗಳ ಜಗಲಿ ಹತ್ತದಿದ್ರೆ ಮತ್ತೆಂತ ಆಗ್ತದೆ?

ಮೊದಲು ಹಳೇ ರಶೀದಿ ಪುಸ್ತಕಗಳನ್ನು ತೆಗೀರಿ. ಹಿಂದೆ ಕೊಟ್ಟು ಈಗ ನಿಲ್ಸಿದವರ ಹೆಸರು ಬರೀರಿ, ನೂರು ರೂಪಾಯಿ ಕೊಟ್ಟವರದ್ದೂ ಸೇರಿ. ಅವರಿಗೆ ಫೋನ್ ಮಾಡಿ, ಆದ್ರೆ ಆ ಫೋನಲ್ಲಿ ಹಣದ ಸುದ್ದಿ ಎತ್ತಲೇಬಾರ್ದು. "ನಮ್ಮಿಂದ ಬೇಜಾರಾಗಿದ್ಯಾ" ಅಂತ ಕೇಳಿದ್ರೆ ಯಾರೂ ಹೌದು ಹೇಳುದಿಲ್ಲ, ನಮ್ಮವರ ದಾಕ್ಷಿಣ್ಯ ಗೊತ್ತುಂಟಲ್ಲ. "ಕಳೆದ ಸಲದ ನೋಟ್‌ಬುಕ್ ವಿತರಣೆ ಬಗ್ಗೆ ಊರಲ್ಲಿ ಎಂತ ಹೇಳ್ತಾರೆ" ಅಂತ ಕೇಳಿ ನೋಡಿ, ಆಗ ಊರಿನವರ ಹೆಸರಲ್ಲಿ ತಮ್ಮ ಮನಸ್ಸಿನದ್ದೇ ಹೇಳ್ತಾರೆ, ಜೂನಲ್ಲಿ ಶಾಲೆ ಸುರುವಾಗುವಾಗ ಕೊಡ್ಬೇಕಾದ್ದನ್ನು ಓಣಂ ಹತ್ತಿರ ಬಂದಾಗ ಕೊಟ್ರಿ, ಪೆಂಡಾಲು ಮೈಕಿಗೇ ಅಷ್ಟು ಹೋಯ್ತು, ಲೆಕ್ಕ ಯಾರಿಗೂ ತೋರ್ಸಿಲ್ಲ ಅಂತ. ವಾದ ಮಾಡ್ಬೇಡಿ, ಬರ್ಕೊಳ್ಳಿ ಸಾಕು.

ಬರ್ದದ್ದು ಮಿನಿಟ್ಸ್ ಪುಸ್ತಕಕ್ಕೇ ಹೋಗ್ಬೇಕು. ಯಾರು ತಪ್ಪಿದ್ರು ಅಂತ ಬೇಡ, ಅದು ಬರೆದ್ರೆ ಮರುವರ್ಷ ಕಮಿಟಿಯೇ ಎರಡಾಗ್ತದೆ. ಎಂತ ತಪ್ಪಿತು, ಯಾವ ಹಂತದಲ್ಲಿ, ಇನ್ನು ಯಾವ ತಾರೀಕಿನೊಳಗೆ ಆಗ್ಬೇಕು ಅಷ್ಟೇ. ಕಾರ್ಯದರ್ಶಿ ಬದಲಾದ ಕೂಡ್ಲೆ ಎಲ್ಲ ಮರ್ತು ಹೋಗುದು ನಮ್ಮಲ್ಲಿ ಮಾಮೂಲು, ಹಾಗಾಗಿ ಹೊಸ ಕಮಿಟಿಯ ಮೊದಲ ಮೀಟಿಂಗಲ್ಲೇ ಆ ಪುಟ ಗಟ್ಟಿಯಾಗಿ ಓದಿಸಿ. ಆಮೇಲೆ ದೂರು ಹೇಳಿದವರಿಗೇ ಪುನಃ ಫೋನ್ ಮಾಡಿ, "ನೀವು ಹೇಳಿದ್ದು ಈ ಸಲ ಸರಿ ಮಾಡಿದ್ದೇವೆ" ಅಂತ ಹೇಳಿ. ಹೆಚ್ಚಿನವರು ಈ ಎರಡನೇ ಫೋನೇ ಮಾಡುದಿಲ್ಲ.

ಲೆಕ್ಕದ ವಿಷಯ. 80ಜಿ ಅಂತ ಹೇಳುವ, ದಾನಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ ನೋಂದಣಿ ಇರುವ ಸಂಸ್ಥೆ ಆದ್ರೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ರೆ ಆ ರಿಯಾಯಿತಿ ಇಲ್ಲ, ಮೊದಲೇ ಹೇಳಿ. ಗಲ್ಫಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟಿನವರಾದ್ರೆ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳ್ಸಿದ್ದು ವಿದೇಶಿ ದೇಣಿಗೆ ಆಗುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರದ್ದು ಆಗ್ತದೆ, ಅದಕ್ಕೆ ಎಫ್‌ಸಿಆರ್‌ಎ ಅಂದ್ರೆ ವಿದೇಶಿ ದೇಣಿಗೆ ಕಾನೂನಿನ ಅನುಮತಿ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಎಲ್ಲ ಬೇಕು.

ವಾಟ್ಸಾಪಲ್ಲಿ ಉದ್ದ ಕನ್ನಡ ಮೆಸೇಜಿಗಿಂತ ಒಂದು ನಿಮಿಷದ ವಾಯ್ಸ್ ಹಾಕಿ, ಮಲಯಾಳಂ ಮೀಡಿಯಂನಲ್ಲಿ ಕಲಿತ ನಮ್ಮ ಮಕ್ಕಳಿಗೆ ಕನ್ನಡ ಕೇಳಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಕಷ್ಟ.

ಮತ್ತೆ ಈ ಫೋಟೋ ಹುಚ್ಚು. ಗೇರು ತೋಟಗಳಿಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುದು 2000ದ ಹೊತ್ತಿಗೇ ನಿಂತಿದೆ, ಅದರಿಂದ ಕಷ್ಟಕ್ಕೆ ಬಿದ್ದ ಮನೆಗಳ ಮಕ್ಕಳ ಫೋಟೋ ತೆಗೆಯುದು ಮಾತ್ರ ನಿಂತಿಲ್ಲ. ಸಹಾಯ ತಗೊಳ್ಳುವವರ ಮುಖ ಬೇಡ. ಅಂಗಡಿಯ ಬಿಲ್ಲು, ಕೊಟ್ಟ ಸಾಮಾನು, ಉಳಿದ ಹಣ ಎಷ್ಟು, ಇಷ್ಟು ಫೋಟೋ ತೆಗ್ದು ಅದೇ ವಾರ ಗ್ರೂಪಿಗೆ ಹಾಕಿ.