ಹಳದಿ ಲೈಟು ಬಂತಾ? ಮೊದಲು ಟ್ಯಾಂಕಿನ ಮುಚ್ಚಳ ನೋಡಿ

ಹೊಸಬರಿಗೆ ಮಾರ್ಗದರ್ಶಿ: ಕಾರು

ಹೊಸ ಊರಿಗೆ ಬಂದವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಕಾರು. ಕೊಂಡು ನಾಲ್ಕೈದು ವಾರ ಆಗಿರುತ್ತದೆ. ಒಂದು ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಹೊರಟರೆ ಎಂಜಿನ್ ಚಿತ್ರ ಇರುವ ಹಳದಿ ಲೈಟು ಹತ್ತಿಕೊಂಡಿದೆ. ಕಾರು ಮಾತ್ರ ನಿನ್ನೆ ಓಡಿದ ಹಾಗೇ ಓಡುತ್ತಿದೆ. ಸಂಜೆ ಹೊಸಬರಿಗೆ ನೆರವಾಗುವ ನಮ್ಮ ಸಂಘಕ್ಕೆ ಫೋನು ಬರುತ್ತದೆ: "ಅಣ್ಣಾ, ಎಂಜಿನ್ ಹೋಯ್ತಾ?"

ಹೋಗಿಲ್ಲ. ಲೈಟು ಮಿಣುಕದೆ ಒಂದೇ ಸಮ ಉರಿಯುತ್ತಿದ್ದು, ಕಾರಿನ ಓಟದಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೆ ಒಂದೆರಡು ದಿನ ಓಡಿಸಿದರೆ ತೊಂದರೆ ಇಲ್ಲ. ಮಿಣುಕುತ್ತಿದ್ದರೆ ಬೇರೆ ಕಥೆ. ಆಗ ಎಂಜಿನ್ ಮಿಸ್‌ಫೈರ್ ಆಗುತ್ತಿದೆ, ಅಂದರೆ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ, ಪಕ್ಕಕ್ಕೆ ನಿಲ್ಲಿಸಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ, ಕಾರಿನ ಕೆಳಗೆ ಹನಿ ಬಿದ್ದಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಗಾಡಿ ಮನೆಗೆ ಅಂಟಿದ ಗ್ಯಾರೇಜಿನಲ್ಲಿದ್ದರೆ ಬಾಗಿಲು ತೆರೆದಿಟ್ಟು ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಏನೂ ವ್ಯತ್ಯಾಸ ಕಾಣದೆ ಲೈಟು ಬಂದಾಗ ಬಹಳ ಸಲ ಕಾರಣ ಪೆಟ್ರೋಲ್ ಆವಿ. ಅದನ್ನು ಹಿಡಿದಿಡುವ ವ್ಯವಸ್ಥೆಗೆ ಮೆಕ್ಯಾನಿಕ್‌ಗಳು ಇವ್ಯಾಪ್ ಅನ್ನುತ್ತಾರೆ.

ಇವ್ಯಾಪ್ ಅಂದರೆ ಏನು

ಪೆಟ್ರೋಲ್ ಸುಮ್ನೆ ಇದ್ದರೂ ಆವಿಯಾಗುತ್ತಲೇ ಇರುತ್ತದೆ. ಹಿಂದೆ ಆ ಆವಿ ನೇರ ಗಾಳಿಗೆ ಹೋಗುತ್ತಿತ್ತು, ಬಿಸಿಲಲ್ಲಿ ಹೊಗೆಮಂಜಾಗುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ಕಾರುಗಳಿಂದ, 1971ರಿಂದ ಆ ದೇಶದ ಎಲ್ಲ ಕಡೆ, ಇದನ್ನು ಹಿಡಿದಿಡಲೇಬೇಕು ಎಂಬ ನಿಯಮ ಬಂತು. ಹಿಡಿಯುವ ಉಪಾಯ ತೀರಾ ಸರಳ: ಒಂದು ಡಬ್ಬಿ ತುಂಬ ಇದ್ದಿಲು. ಟ್ಯಾಂಕಿನ ಆವಿ ಪೈಪಿನಲ್ಲಿ ಬಂದು ಆ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಡಬ್ಬಿಗೆ ಕ್ಯಾನಿಸ್ಟರ್ ಎಂದು ಹೆಸರು. ಕಾರು ಓಡುವಾಗ ಎಂಜಿನ್ ತಾನು ಎಳೆಯುವ ಗಾಳಿಯ ಜೊತೆ ಆ ಆವಿಯನ್ನೂ ಎಳೆದುಕೊಂಡು ಸುಟ್ಟುಬಿಡುತ್ತದೆ.

ಇದಕ್ಕೆ ಎರಡು ಬಾಗಿಲು. ಎಂಜಿನ್ ಕಡೆಗಿರುವುದು ಪರ್ಜ್ ವಾಲ್ವ್, ಕರೆಂಟ್ ಇಲ್ಲದಾಗ ಮುಚ್ಚಿರುತ್ತದೆ. ಹೊರಗಿನ ಗಾಳಿಯ ಕಡೆಗಿರುವುದು ವೆಂಟ್ ವಾಲ್ವ್, ಅದು ಸಾಮಾನ್ಯವಾಗಿ ಕರೆಂಟ್ ಇಲ್ಲದಾಗ ತೆರೆದಿರುತ್ತದೆ. ಒಂದು ಮುಚ್ಚಿ, ಇನ್ನೊಂದು ತೆರೆದು. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ಅರ್ಧ ಕೆಲಸ ಇದರಿಂದಲೇ ಆಗುತ್ತದೆ. ಜೊತೆಗೆ ಟ್ಯಾಂಕಿನಲ್ಲಿ ಒತ್ತಡ ಅಳೆಯುವ ಸೆನ್ಸರ್, ಒಂದಷ್ಟು ಪೈಪು, ಮತ್ತೆ ನಮ್ಮ ಮುಚ್ಚಳ.

ಕಾರಿನ ಕಂಪ್ಯೂಟರ್ ಆಗಾಗ ವೆಂಟ್ ಮುಚ್ಚಿ, ಪರ್ಜ್ ತೆರೆದು ಟ್ಯಾಂಕಿನೊಳಗೆ ಸ್ವಲ್ಪ ನಿರ್ವಾತ ಮಾಡಿ, ಆಮೇಲೆ ಪರ್ಜನ್ನೂ ಮುಚ್ಚಿ, ಆ ನಿರ್ವಾತ ನಿಲ್ಲುತ್ತದೋ ಸೋರುತ್ತದೋ ನೋಡುತ್ತದೆ. ಅಮೆರಿಕದಲ್ಲಿ 1996ರಿಂದ ಈ ಸ್ವಯಂ ತಪಾಸಣೆ ಕಡ್ಡಾಯವಾಯಿತು. ಆಗ ಸುಮಾರು 1 ಮಿಲಿಮೀಟರ್ ತೂತಿನಷ್ಟು ಸೋರಿಕೆಯನ್ನು ಹಿಡಿದರೆ ಸಾಕಿತ್ತು. ಆಮೇಲೆ ಅದು ಅರ್ಧ ಮಿಲಿಮೀಟರಿಗೆ ಇಳಿಯಿತು. ಗುಂಡುಸೂಜಿ ಚುಚ್ಚಿದಷ್ಟು! ಇಷ್ಟು ಚಿಕ್ಕದಕ್ಕೂ ಲೈಟು ಬರುತ್ತದೆ ಎಂದ ಮೇಲೆ ಹೆದರೋದು ಯಾಕೆ?

ಕೆಲವು ಕಾರುಗಳು ಈ ಪರೀಕ್ಷೆಯನ್ನು ಗಾಡಿ ನಿಲ್ಲಿಸಿ ಸುಮಾರು ಐದು ಗಂಟೆ ಆದಮೇಲೆ, ಒಂದು ಪುಟ್ಟ ಪಂಪಿನಿಂದ ಮಾಡಿಕೊಳ್ಳುತ್ತವೆ. ನಡುರಾತ್ರಿ ಯಾರೂ ಇಲ್ಲದ ಗ್ಯಾರೇಜಿನಿಂದ ಗುಂಯ್ ಎಂದು ಕೇಳಿಸಿದರೆ ದೆವ್ವ ಅಲ್ಲ, ಅದೇ ಪಂಪು.

ಕೋಡ್ ಓದಿ, ಆದರೆ ಪೂರ್ತಿ ನಂಬಬೇಡಿ

ಸ್ಟೇರಿಂಗ್ ಕೆಳಗೆ ಒಬಿಡಿ ಎಂಬ ಸಾಕೆಟ್ ಇರುತ್ತದೆ. ಒಂದು ಸಣ್ಣ ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತದೆ. ಪಿ0455 ಎಂದರೆ ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ತೀರಾ ಸಣ್ಣದು. ಪಿ0457 ಬಂದರೆ ಕಾರು ನೇರವಾಗಿ ಮುಚ್ಚಳದ ಕಡೆಗೇ ಬೆರಳು ತೋರಿಸುತ್ತಿದೆ. ಪಿ0441 ಮತ್ತು ಪಿ0496 ಪರ್ಜ್ ಹರಿವಿನ ದೂರುಗಳು. ಪಿ0443 ಪರ್ಜ್ ವಾಲ್ವಿನ ವೈರಿಂಗ್ ಕಡೆಯದು, ಪಿ0446 ವೆಂಟ್ ಕಡೆಯದು. ಪಿ0451ರಿಂದ ಪಿ0453ರವರೆಗಿನವು ಒತ್ತಡದ ಸೆನ್ಸರ್‌ದು.

ಕೋಡ್ ಹೇಳುವುದು ನೋವು ಎಲ್ಲಿ ಅಂತ. ಯಾವ ಭಾಗ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ಇದು ಅರ್ಥವಾಗದೆ ನಾನು ಕೈ ಸುಟ್ಟುಕೊಂಡಿದ್ದೇನೆ. ಬಂದ ಹೊಸದರಲ್ಲಿ ನನ್ನ ಕಾರಿಗೆ ಪಿ0455 ಬಂತು. ಮುಚ್ಚಳ ಬದಲಿಸಿದೆ, ಲೈಟು ಹೋಗಲಿಲ್ಲ. ಒಂದು ಗ್ಯಾರೇಜಿಗೆ ಹೋದೆ. ಅವರು ಸೋರಿಕೆ ಹುಡುಕಲು ಇವ್ಯಾಪ್ ಪೈಪುಗಳೊಳಗೆ ಹೊಗೆ ಬಿಟ್ಟು ನೋಡಿ, "ಕ್ಯಾನಿಸ್ಟರ್ ಹತ್ತಿರ ಹೊಗೆ ಬರ್ತಿದೆ" ಎಂದು ಇಡೀ ಕ್ಯಾನಿಸ್ಟರ್ ಬದಲಿಸಿದರು. ಹತ್ತು ದಿನಕ್ಕೆ ಮತ್ತೆ ಲೈಟು. ಇನ್ನೊಬ್ಬ ಹಳೆಯ ಮೆಕ್ಯಾನಿಕ್ ಮತ್ತೆ ಹೊಗೆ ಪರೀಕ್ಷೆ ಮಾಡಿದ. ಆದರೆ ಮೊದಲು ಸ್ಕ್ಯಾನರ್‌ನಿಂದ ವೆಂಟ್ ವಾಲ್ವ್ ಮುಚ್ಚಿಸಿದ. ಹಿಂದಿನವರು ಅದನ್ನು ಮಾಡಿರಲಿಲ್ಲ. ಹೇಗೂ ತೆರೆದಿರುವ ಬಾಗಿಲಿಂದ ಬಂದ ಹೊಗೆಯನ್ನೇ ತೂತು ಅಂದುಕೊಂಡಿದ್ದರು! ಈ ಸಲ ಹಿಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಬಿಚ್ಚಿದಾಗ ಅಲ್ಲಿಂದ ಊದುಬತ್ತಿ ಹಚ್ಚಿದ ಹಾಗೆ ತೆಳ್ಳಗೆ ಬಿಳಿ ಹೊಗೆ ಏಳುತ್ತಿತ್ತು. ಪೆಟ್ರೋಲ್ ತುಂಬುವ ಕೊಳವೆಗೆ ಮಣ್ಣು ಕೂತು ತುಕ್ಕು ಹಿಡಿದಿತ್ತು. ಬೆರಳಿಂದ ಒತ್ತಿದರೆ ಹುಡಿಹುಡಿಯಾಗಿ ಉದುರಿತು.

ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಪರೀಕ್ಷೆ ಮಾಡದೆ ಯಾವ ಭಾಗವನ್ನೂ ಬದಲಿಸಬೇಡಿ.

ಮನೆಯಲ್ಲೇ ನೋಡಬಹುದಾದದ್ದು

ಮುಚ್ಚಳದಿಂದ ಶುರು ಮಾಡಿ. ತೆಗೆದು, ಒಳಗಿನ ರಬ್ಬರ್ ಬಳೆಯ ಸುತ್ತ ಉಗುರು ಆಡಿಸಿ. ಬಿರುಕು ಇದ್ದರೆ ಉಗುರಿಗೆ ಸಿಗುತ್ತದೆ. ರಬ್ಬರ್ ಒಂದು ಕಡೆ ಚಪ್ಪಟೆಯಾಗಿದೆಯಾ, ಕಸ ಅಂಟಿದೆಯಾ ನೋಡಿ, ಒಣ ಬಟ್ಟೆಯಿಂದ ಒರೆಸಿ. ಕೊಳವೆಯ ಬಾಯಿಯ ಅಂಚಲ್ಲಿ ತುಕ್ಕು ಇದ್ದರೆ ಹೊಸ ಮುಚ್ಚಳ ಹಾಕಿದರೂ ಕೂರುವುದಿಲ್ಲ. ಹಾಕುವಾಗ ಟಕ್ ಟಕ್ ಎನ್ನುವವರೆಗೆ ತಿರುಗಿಸಿ. ಮುಚ್ಚಳಕ್ಕೆ ಕಟ್ಟಿರುವ ದಾರ ರಬ್ಬರಿನ ಅಡಿಗೆ ಸಿಕ್ಕಿಕೊಂಡಿರುವುದನ್ನೂ ನೋಡಿದ್ದೇನೆ, ನಗಬೇಡಿ. ಮುಚ್ಚಳ ಬದಲಿಸಲೇಬೇಕಾದರೆ ನಿಮ್ಮ ಮಾದರಿಗೆ ಹೇಳಿದ್ದನ್ನೇ ತನ್ನಿ. "ಎಲ್ಲಾ ಕಾರಿಗೂ ಆಗುತ್ತೆ" ಎನ್ನುವ ಮುಚ್ಚಳದ ಸಹವಾಸ ಬೇಡ.

ಮುಚ್ಚಳ ಸರಿಮಾಡಿದ ತಕ್ಷಣ ಲೈಟು ಆರುವುದಿಲ್ಲ. ಕಂಪ್ಯೂಟರ್ ಮತ್ತೆ ಪರೀಕ್ಷೆ ನಡೆಸಿ, ಒಂದಾದ ಮೇಲೊಂದು ಮೂರು ಸಲ ಸರಿ ಎನಿಸಿದ ಮೇಲೆ ತಾನೇ ಆರಿಸುತ್ತದೆ. ಅದಕ್ಕೆ ದಿನಗಟ್ಟಲೆ ಹಿಡಿಯಬಹುದು. ಕಾಯಿರಿ.

ಮುಂದೆ ಪರ್ಜ್ ವಾಲ್ವ್. ಇದು ಕೆಟ್ಟಿರುವುದಕ್ಕೆ ಒಂದು ಗುರುತಿದೆ. ಪೆಟ್ರೋಲ್ ತುಂಬಿಸಿಕೊಂಡು ಕೀ ತಿರುಗಿಸಿದರೆ ಕಾರು ಬೇಗ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಒದ್ದಾಡುತ್ತದೆ. ಬೇರೆ ಸಮಯದಲ್ಲಿ ಏನೂ ತೊಂದರೆ ಇಲ್ಲ. ಹೀಗಿದ್ದರೆ ಆ ವಾಲ್ವ್ ತೆರೆದೇ ಉಳಿದಿರುವ ಸಂಭವ ಜಾಸ್ತಿ: ಟ್ಯಾಂಕ್ ತುಂಬುವಾಗ ಎದ್ದ ಆವಿಯೆಲ್ಲ ಎಂಜಿನ್ನಿಗೆ ನುಗ್ಗಿರುತ್ತದೆ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹೊತ್ತಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ, ಬಯಲಲ್ಲಿ, ಬೆಂಕಿ ಸಿಗರೇಟು ಹತ್ತಿರ ಇಲ್ಲದ ಕಡೆ ಆ ವಾಲ್ವ್ ಬಿಚ್ಚಿ. ಬಾಯಿ ಹಚ್ಚಬೇಡಿ, ಒಳಗೆ ಪೆಟ್ರೋಲ್ ಆವಿ ಇರುತ್ತದೆ. ಒಂದು ಸ್ವಚ್ಛ ರಬ್ಬರ್ ಪೈಪ್ ಸಿಕ್ಕಿಸಿ ಕೈಪಂಪಿನಿಂದ ಗಾಳಿ ಬಿಡಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ದಾಟಿದರೆ ವಾಲ್ವ್ ಹೋಗಿದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ವಾಲ್ವ್ ಮೇಲೆ ಬೆರಳಿಟ್ಟರೆ ಟಿಕ್ ಟಿಕ್ ಎಂದು ಬಡಿಯುವುದು ಗೊತ್ತಾಗುತ್ತದೆ. ಅದು ಕೆಲಸ ಮಾಡುವ ರೀತಿಯೇ ಅದು, ರೋಗ ಅಲ್ಲ.

ವೆಂಟ್ ಕಡೆ ತೊಂದರೆ ಇದ್ದರೆ ಅದು ಗೊತ್ತಾಗುವುದು ಬಂಕಿನಲ್ಲಿ. ಟ್ಯಾಂಕ್ ಖಾಲಿ ಇದ್ದರೂ ನಳಿಕೆ ಮತ್ತೆ ಮತ್ತೆ ಟಕ್ ಅಂತ ನಿಲ್ಲುತ್ತದೆ. ಪೆಟ್ರೋಲ್ ಒಳಗೆ ಹೋಗಬೇಕಾದರೆ ಗಾಳಿ ಹೊರಗೆ ಬರಬೇಕಲ್ವಾ? ಆ ದಾರಿ ಕಟ್ಟಿದೆ. ಕಟ್ಟುವುದು ಧೂಳು, ಕೆಸರು, ಕೆಲವೊಮ್ಮೆ ಜೇಡ. ತಮಾಷೆ ಅಲ್ಲ, 2011ರಲ್ಲಿ ಮಜ್ದಾ ಕಂಪನಿ ಇದೇ ಕಾರಣಕ್ಕೆ ಮಜ್ದಾ 6 ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ವೆಂಟ್ ಪೈಪಿನಲ್ಲಿ ಹಳದಿ ಜೇಡಗಳು ಬಲೆ ನೇಯುತ್ತಿದ್ದವು. ಇದಕ್ಕೆ ಮನೆಮದ್ದು ಬೇಡ. ಈ ಭಾಗ ಸಾಮಾನ್ಯವಾಗಿ ಕಾರಿನ ಕೆಳಗಿರುತ್ತದೆ. ಜಾಕಿನ ಮೇಲಷ್ಟೇ ನಿಂತ ಕಾರಿನ ಅಡಿಗೆ ಯಾವತ್ತೂ ತೂರಬೇಡಿ.

ಇನ್ನೊಂದು ಅಭ್ಯಾಸ ಇವತ್ತೇ ಬಿಡಿ. ನಳಿಕೆ ಟಕ್ ಅಂದಮೇಲೂ "ಇನ್ನೊಂಚೂರು ಹಿಡಿಯುತ್ತೆ" ಎಂದು ತುಂಬಿಸುವುದು. ಆ ಇನ್ನೊಂಚೂರು ಆವಿಯ ಪೈಪಿನಲ್ಲಿ ಹರಿದು ಇದ್ದಿಲಿನ ಡಬ್ಬಿಗೆ ಹೋಗಬಹುದು. ಇದ್ದಿಲು ಆವಿಗಾಗಿ ಇರುವುದು, ದ್ರವಕ್ಕಲ್ಲ. ನೆನೆದರೆ ಕ್ಯಾನಿಸ್ಟರ್ ಹಾಳು. ಇಡೀ ವ್ಯವಸ್ಥೆಯಲ್ಲಿ ದುಬಾರಿ ಭಾಗಗಳಲ್ಲಿ ಅದೂ ಒಂದು.

ಮೆಕ್ಯಾನಿಕ್ ಹತ್ತಿರ ಹೋಗುವಾಗ

ಸೋರಿಕೆ ಕೋಡ್ ಬಂದು, ಮುಚ್ಚಳವೂ ಪರ್ಜ್ ವಾಲ್ವೂ ಸರಿ ಇದ್ದರೆ ಸ್ಮೋಕ್ ಟೆಸ್ಟ್, ಅಂದರೆ ಮೇಲೆ ಹೇಳಿದ ಹೊಗೆ ಪರೀಕ್ಷೆ ಮಾಡಿಸಬೇಕು. ಬಾಯಿಮಾತಿನಲ್ಲಿ "ಚೆಕ್ ಮಾಡಿ" ಅನ್ನುವುದಕ್ಕಿಂತ ಸ್ಪಷ್ಟವಾಗಿ ಕೇಳಿ: ವೆಂಟ್ ವಾಲ್ವ್ ಮುಚ್ಚಿ ಹೊಗೆ ಬಿಡ್ತೀರಾ? ಹೊಗೆ ಎಲ್ಲಿಂದ ಬಂತು, ತೋರಿಸ್ತೀರಾ ಅಥವಾ ಫೋಟೋ ಕಳಿಸ್ತೀರಾ? ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಒತ್ತಡವೂ ತೀರಾ ಕಡಿಮೆ ಇರಬೇಕು. ಟೈರಿಗೆ 32-35 ಪಿಎಸ್‌ಐ ಗಾಳಿ ಹಾಕಿದರೆ ಇದಕ್ಕೆ ಒಂದು ಪಿಎಸ್‌ಐ ಕೂಡ ಬೇಡ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಅನ್ನು ಟ್ಯಾಂಕಿಗೆ ಹಚ್ಚಲು ಹೊರಟ ನೆಂಟರನ್ನು ನಾನೇ ತಡೆದಿದ್ದೇನೆ. ಪೈಪು ಕಿತ್ತುಹೋಗುವುದು ಒಂದು ಕಡೆ, ಪೆಟ್ರೋಲ್ ಆವಿಗೆ ಗಾಳಿ ಸೇರಿಸುವ ಅಪಾಯ ಇನ್ನೊಂದು ಕಡೆ.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಎಂಬ ಪುಟದ ಫೋಟೋ ತೆಗೆದುಕೊಳ್ಳಿ. ಲೈಟು ಬಂದ ಕ್ಷಣದಲ್ಲಿ ವೇಗ, ಎಂಜಿನ್ ಬಿಸಿ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿ ಇರುತ್ತದೆ. "ಪೆಟ್ರೋಲ್ ಹಾಕಿಸಿದ ಮಾರನೇ ದಿನ ಬಂತು" ಎಂಬ ನಿಮ್ಮ ಮಾತಿಗೂ ಅಷ್ಟೇ ಬೆಲೆ ಇದೆ, ಹೇಳಲು ಸಂಕೋಚ ಬೇಡ.

ಕಾರು ಕೊಳ್ಳುವ ಮೊದಲು

ಇದನ್ನು ಎಲ್ಲಕ್ಕಿಂತ ಮೊದಲೇ ಬರೆಯಬೇಕಿತ್ತೇನೋ. ಮಾರುವವರು ಹಿಂದಿನ ದಿನ ಕೋಡ್ ಅಳಿಸಿದರೆ ಲೈಟು ಮಾಯ, ಕಾರು ಚೊಕ್ಕ. ಆದರೆ ಅಳಿಸಿದಾಗ ಸ್ವಯಂ ತಪಾಸಣೆಯ ಫಲಿತಾಂಶಗಳೂ ಅಳಿಸಿಹೋಗುತ್ತವೆ. ಸ್ಕ್ಯಾನರ್‌ನಲ್ಲಿ ರೆಡಿನೆಸ್ ಎಂಬ ಪಟ್ಟಿ ತೆರೆದು ನೋಡಿ. ನಾಲ್ಕೈದು ತಪಾಸಣೆಗಳು ಮುಗಿದಿಲ್ಲ ಎಂದು ತೋರಿಸಿದರೆ ಇತ್ತೀಚೆಗೆ ಯಾರೋ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ. ಇವ್ಯಾಪ್ ಒಂದೇ ಮುಗಿದಿಲ್ಲ ಎಂದಿದ್ದರೆ ತಕ್ಷಣ ಅನುಮಾನ ಪಡಬೇಡಿ, ಅದು ಹಠಮಾರಿ. ಟ್ಯಾಂಕು ಸುಮಾರು ಶೇ. 15ರಿಂದ 85ರ ನಡುವೆ ಇರಬೇಕು, ಕಾರು ರಾತ್ರಿಯೆಲ್ಲ ನಿಂತು ತಣ್ಣಗಾಗಿರಬೇಕು, ಹೊರಗೆ ತೀರಾ ಚಳಿಯೂ ಇರಬಾರದು, ತೀರಾ ಸೆಖೆಯೂ ಇರಬಾರದು. ಆಗಲೇ ಅದು ತನ್ನ ಪರೀಕ್ಷೆಗೆ ಕೂರುವುದು.

ಸರ್ಕಾರದ ಮಾಲಿನ್ಯ ತಪಾಸಣೆಗೆ ಹೋಗುವ ಹಿಂದಿನ ದಿನ ನೀವೂ ಕೋಡ್ ಅಳಿಸಬೇಡಿ. ಹಲವು ಸ್ವಯಂ ತಪಾಸಣೆಗಳು ಮುಗಿಯದ ಗಾಡಿಯನ್ನು ವಾಪಸ್ ಕಳಿಸಬಹುದು. ರಿಪೇರಿ ಮಾಡಿಸಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು, ಒಂದು ವಾರ ಮಾಮೂಲಿನಂತೆ ಓಡಾಡಿ ಆಮೇಲೆ ಹೋಗಿ.

ಪ್ಲಗ್-ಇನ್ ಹೈಬ್ರಿಡ್ ಕೊಂಡವರಿಗೆ ಒಂದು ಮಾತು. ಅದರ ಟ್ಯಾಂಕ್ ಬಿಗಿಯಾಗಿ ಮುಚ್ಚಿರುತ್ತದೆ. ಗುಂಡಿ ಒತ್ತಿ, ಒಳಗಿನ ಒತ್ತಡ ಇಳಿದ ಮೇಲೆಯೇ ಪೆಟ್ರೋಲ್ ಬಾಗಿಲು ತೆರೆಯುವುದು. ಕೆಲವು ಸೆಕೆಂಡ್ ಬೇಕು. ಸ್ಕ್ರೂಡ್ರೈವರ್ ಹಾಕಿ ಎಬ್ಬಲು ಹೋಗಬೇಡಿ.

ಸಂಘದಲ್ಲಿ ಒಂದು ಸ್ಕ್ಯಾನರ್ ಇದೆ. ಕೊಂಡೊಯ್ಯುವಾಗ ಪುಸ್ತಕದಲ್ಲಿ ಹೆಸರು ಬರೆಯಿರಿ, ಎರಡು ದಿನದಲ್ಲಿ ವಾಪಸ್ ತನ್ನಿ. ಹೋದ ಸಲ ಅದು ಯಾರದೋ ಕಾರಿನ ಸಾಕೆಟ್‌ನಲ್ಲೇ ಮೂರು ತಿಂಗಳು ಕೂತಿತ್ತು.